ಬೋರಲು

ಮೂವತ್ತೊಂದು ವರ್ಷ ಅಗ್ನಿಶಾಮಕದಲ್ಲಿದ್ದೆ.
ಬೆಂಕಿಗಿಂತ ನೀರಿಗೇ ಹೆಚ್ಚು ಕರೆದರು.
ಸಂತೆಹೊಂಡ, ಮಲ್ಲಾಪುರದ ಕೆರೆ,
ಮಳೆ ನಿಂತ ಕ್ವಾರಿ ಗುಂಡಿ, ಹೆಸರಿಲ್ಲದ ಬಾವಿ.
ದುರ್ಗದಲ್ಲಿ ಕಲ್ಲಿದ್ದಷ್ಟೂ ಹೊಂಡ.

ನೀರೊಳಗೆ ನಾನು ಕಣ್ಣು ಬಿಟ್ಟವನಲ್ಲ.
ಬಿಟ್ಟರೂ ಏನು ಕಂಡೀತು, ಪಾಚಿಗಟ್ಟಿದ ಕತ್ತಲೆ.
ಕೈಯೇ ಕಣ್ಣು.
ಮೆಟ್ಟಿಲ ಸಂದಿಗೆ, ಬಂಡೆಯಡಿಯ ಪೊಟರೆಗೆ
ಮೊಣಕೈವರೆಗೆ ತೂರಿಸಿ ತಡಕಿದರೆ
ಮೊದಲು ಸಿಗುವುದು ಕೂದಲು.
ದಡದಲ್ಲಿ ಕಾದವರು ಆಮೇಲೆ ಬೀಡಿ ಕೊಡುತ್ತಿದ್ದರು,
ನನ್ನ ಮುಖ ನೋಡುತ್ತಿರಲಿಲ್ಲ.

ನಿವೃತ್ತಿಯ ದುಡ್ಡು ಬಂದಾಗ ಕಾಟಮ್ಮ ಅಂದಳು:
ಮೇಲೊಂದು ಅಂತಸ್ತು ಬೇಡ, ಬಳೆ ಬೇಡ,
ತಳ ಕಾಣೋ ನೀರು ತೋರಿಸ್ರಿ.
ಟಿವಿಯಲ್ಲಿ ನೋಡಿದ್ದಳಂತೆ.

ಹೋದೆವು ಅಂಡಮಾನಿಗೆ.
ನಾಲ್ಕು ದಿನ ದೋಣಿಯಲ್ಲಿ, ದ್ವೀಪದಿಂದ ದ್ವೀಪಕ್ಕೆ.
ಕೋಟೆಯ ಬತೇರಿಗಳು ತೇಲುತ್ತಿವೆಯೇನೋ ಅನ್ನಿಸುತ್ತಿತ್ತು,
ದೂರದಿಂದ, ಮುಸ್ಸಂಜೆಗೆ.

ಮೂರನೆಯ ದಿನ ಹವಳದ ದಿಬ್ಬದ ಮೇಲೆ ಲಂಗರು ಬಿಟ್ಟರು.
ಎಲ್ಲರ ಮುಖಕ್ಕೂ ಗಾಜು, ಬಾಯಿಗೆ ಕೊಳವೆ.
ನಾನು ಹಗ್ಗದ ಗಂಟು ಪರೀಕ್ಷಿಸುತ್ತಾ ಕೂತೆ. ಹಳೇ ಚಾಳಿ.
ತಲೆಯೆತ್ತಿದರೆ
ನೀರ ಮೇಲೆ ಹನ್ನೊಂದು ಜನ.
ಬೋರಲು.
ಕೈ ಚೆಲ್ಲಿ, ಕಾಲು ಚೆಲ್ಲಿ, ಬೆನ್ನು ಬಿಸಿಲಿಗೆ ಕೊಟ್ಟು
ಯಾವ ಅವಸರವೂ ಇಲ್ಲದೆ.
ಒಂದಕ್ಕೆ ನರೆಗೂದಲು, ಬಿಚ್ಚಿ ಹರಡಿದೆ.
ಬಟ್ಟೆ ಉಬ್ಬಿದೆ.

ಯಾವಾಗ ಹಾರಿದೆನೋ.
ಕೂದಲು ಹಿಡಿದೇ ಮಗುಚಿದೆ, ಹಿಂದೆ ಎಷ್ಟೋ ಸಲ ಮಗುಚಿದಂತೆ.
ಅದು ಕೊಳವೆ ಉಗಿದು ಬೈಯಿತು:
ಅಯ್ಯೋ ನಿಮ್ಮ ಮನೆ ಕಾಯ!
ಗಿಣಿಯಂಥ ಮೀನು, ಕಲ್ಲು ಕಡೀತಿತ್ತು ಕಟಕಟ ಅಂತ,
ಓಡಿಸಿಬಿಟ್ರಲ್ಲ!
ದೋಣಿಯವರೆಲ್ಲ ನಕ್ಕರು.
ನನ್ನ ಮುಷ್ಟಿ ಮಾತ್ರ ಬಿಡಲೊಲ್ಲದು.
ಬೆಚ್ಚಗಿತ್ತು, ಆ ಕೂದಲ ಬುಡ
ಬೆಚ್ಚಗಿತ್ತು.

ಆಮೇಲೆ ಅವಳೇ ನನಗೆ ಗಾಜು ಕಟ್ಟಿದಳು.
ಕತ್ತು ಹಿಡಿದು ಒತ್ತಿದಳು,
ಎರೆಯುವಾಗ ತಲೆ ಬಗ್ಗಿಸದ ಕೂಸನ್ನು ಒತ್ತುವಂತೆ.

ನೀರಿಗೆ ಒಳಗಿನಿಂದಲೂ ಬೆಳಕಿದೆ.
ಯಾರೂ ಹೇಳಿರಲಿಲ್ಲ.
ನಮ್ಮ ಗುಡ್ಡಗಳೇ ಮುಳುಗಿ, ಯಾರಿಗೂ ತಿಳಿಸದೆ
ಹೂ ಬಿಟ್ಟಂತೆ ಆ ದಿಬ್ಬ.
ಅದರ ಗೋಡೆಯಲ್ಲೊಂದು ಗವಿ,
ಚಂದ್ರವಳ್ಳಿಯಲ್ಲಿ ಬಗ್ಗಿ ನುಗ್ಗುವ ಬಾಗಿಲಿನಷ್ಟು.
ಏನನ್ನೂ ಮುಟ್ಟಬಾರದು ಅಂದಿದ್ದ ದೋಣಿಯ ಹುಡುಗ.
ಕೈ ಕೇಳಬೇಕಲ್ಲ. ಹೋಯಿತು, ಮೊಣಕೈವರೆಗೆ.
ಒಳಗೆ ಒಂದಿಷ್ಟು ತಂಪು.
ಯಾವುದೋ ಸೀಗಡಿಯ ಮೀಸೆ ಬಂದು
ನನ್ನ ಬೆರಳುಗಳನ್ನು ಒಂದೊಂದಾಗಿ ವಿಚಾರಿಸಿತು,
ಇವನಾರವ, ಯಾಕೆ ಬಂದ.
ಯಾರೂ ಸಿಗದೆ ಕೈ ಹೊರಬಂತು.
ಗಾಜಿನೊಳಗೆ ನೀರು ಸೇರಿತ್ತು.
ಪಟ್ಟಿ ಸಡಿಲ ಅಂದ ಹುಡುಗ. ಇದ್ದೀತು.

ಈಗ ಆ ಗಾಜು ಜೋಗಿಮಟ್ಟಿ ರಸ್ತೆಯ ಮನೆಯಲ್ಲಿ
ಮೊರದ ಪಕ್ಕದ ಮೊಳೆಗೆ ತೂಗುತ್ತದೆ.
ರಾತ್ರಿ ಫೋನು ಇನ್ನೂ ಬರುತ್ತದೆ:
ಗಾದ್ರಪ್ಪಣ್ಣ, ಹೊಸ ಹುಡುಗರ ಕೈಲಿ ಆಗ್ತಿಲ್ಲ.
ಹೋಗುತ್ತೇನೆ. ಗಾಜು ಒಯ್ಯುವುದಿಲ್ಲ.
ನಮ್ಮ ಹೊಂಡಕ್ಕೆ ಕೈಯೇ ಸಾಕು.

ಎಂಟು ದಿನಕ್ಕೊಮ್ಮೆ ನಲ್ಲಿ ಬಂದ ಬೆಳಗ್ಗೆ
ಸಂಪಿನ ಮುಚ್ಚಳ ಸರಿಸಿ, ಸೆರಗು ಸಿಕ್ಕಿಸಿ,
ಗಾಜು ಕಟ್ಟಿಕೊಂಡು ಕಾಟಮ್ಮ
ಅಂಗಳದಲ್ಲೇ ಬೋರಲು ಮಲಗಿ ತಲೆ ಇಳಿಬಿಡುತ್ತಾಳೆ.
ನಾನು ಅವಳ ಹಿಮ್ಮಡಿ ಹಿಡಿದು ಕೂರುತ್ತೇನೆ.
ತಲೆಯೆತ್ತಿದಾಗ ಕೇಳುತ್ತೇನೆ, ಏನೈತೆ?
ನೀರು.
ಮತ್ತೆ?
ನೀರು ಕಣ್ರೀ, ಬರೀ ನೀರು.
ಇನ್ನೊಂದು ಸಲ ಹೇಳು, ಅನ್ನುತ್ತೇನೆ.